ಐವತ್ತು ನಿಮಿಷದ ದಾರಿ

ಟಿಕೆಟ್ ಅಂಗಡಿಯವನು ಎರಡೆರಡು ಸಲ ಹೇಳಿದ. ನಡುದಾರಿಯ ನಿಲ್ದಾಣದಲ್ಲಿ ಬೆಳಗಿನ ಐದಕ್ಕೆ ಇಳಿಯುವ ವಿಮಾನ ತೆಗೆದುಕೊಂಡರೆ ಆರು ಗಂಟೆ ಆರಾಮಾಗಿ ಕೂತು ಊರಿಗೆ ಹೋಗುವ ಎರಡನೆಯದನ್ನು ಹತ್ತಬಹುದು. ಹತ್ತು ಹತ್ತಕ್ಕೆ ಇಳಿಯುವುದಾದರೆ ನಡುವೆ ಸಿಗುವುದು ಐವತ್ತೈದೇ ನಿಮಿಷ. ಅಷ್ಟು ದೊಡ್ಡ ನಿಲ್ದಾಣಕ್ಕೆ ಅದು ಸಾಲದು. ಎರಡನೆಯ ವಿಮಾನವೋ ದಿನಕ್ಕೆ ಒಂದೇ, ತಪ್ಪಿದರೆ ಮಾರನೆಯ ದಿನ ಅದೇ ಹೊತ್ತಿಗೇ ಗತಿ. ಬೀರುವಿನಷ್ಟು ಅಗಲದ ಆ ಅಂಗಡಿಯಲ್ಲಿ ಫೋನಿನ ಕವರುಗಳ ನಡುವೆ ತಲೆ ತೂರಿಸಿಕೊಂಡು ಅವನು ಇಷ್ಟನ್ನೂ ಸಮಾಧಾನವಾಗಿಯೇ ಹೇಳಿದ.

ಅವಳು ನಕ್ಕಳು. "ಹದಿನಾಲ್ಕು ವರ್ಷ ಅದೇ ಏರ್‌ಪೋರ್ಟಲ್ಲಿ ಗಾಲಿಕುರ್ಚಿ ತಳ್ಳಿದೀನಪ್ಪ. ನನಗೇ ದಾರಿ ಹೇಳ್ಕೊಡ್ತೀಯಾ?"

"ಹಾಗಲ್ಲಮ್ಮ, ಎಲ್ಲರಿಗೂ ಹೇಳ್ತೀನಿ."

"ಎಲ್ಲರಿಗೂ ಹೇಳು. ನನಗೆ ಹನ್ನೊಂದು ನಿಮಿಷ ಸಾಕು. ಮಿಕ್ಕಿದ್ದರಲ್ಲಿ ಟೀ ಕುಡೀತೀನಿ."

ಬರೀ ಜಂಬ ಎನ್ನುವ ಹಾಗೂ ಇರಲಿಲ್ಲ. ಅವಳು ಈಗ ಕೆಲಸ ಮಾಡುತ್ತಿದ್ದದ್ದು ಇನ್ನೊಂದು ದೇಶದ ಹೋಟೆಲೊಂದರ ನೆಲಮಾಳಿಗೆಯ ಲಾಂಡ್ರಿಯಲ್ಲಿ. ಬೆಳಗಿನ ಐದರ ವಿಮಾನಕ್ಕೆ ಇನ್ನೊಂದು ದಿನ ರಜೆ ಬೇಕಾಗುತ್ತಿತ್ತು. ಲಾಂಡ್ರಿಯ ಮೇಲ್ವಿಚಾರಕ ರಜೆಯನ್ನು ತನ್ನ ಮನೆಯ ಸಕ್ಕರೆ ಡಬ್ಬಿಯಿಂದ ತೆಗೆದುಕೊಡುವವನಂತೆ ಕೊಡುತ್ತಿದ್ದ. ಅಕ್ಕನ ಆಪರೇಷನ್ ಅಂದಿದ್ದಕ್ಕೆ, ಆಪರೇಷನ್ ಡಾಕ್ಟರ್ ಮಾಡ್ತಾರೆ, ನೀನೇನು ಮಾಡ್ತೀಯ ಎಂದು ಕೇಳಿದ್ದ. ಆದರೂ ಅತ್ತು ಕರೆದು ಆ ಇನ್ನೊಂದು ದಿನವನ್ನೂ ಕೀಳಬಹುದಿತ್ತೇನೋ. ಕೀಳುವ ಅಗತ್ಯವೇ ಅವಳಿಗೆ ಕಾಣಲಿಲ್ಲ. ಆ ನಿಲ್ದಾಣ ಅವಳಿಗೆ ಅಂಗೈ ಗೆರೆ.

ಅಕ್ಕನ ಗಂಟಲಲ್ಲಿ ಗಡ್ಡೆ ಬೆಳೆದಿತ್ತು. ಗುರುವಾರ ಬೆಳಿಗ್ಗೆ ಎಂಟಕ್ಕೆ ಧ್ವನಿಪೆಟ್ಟಿಗೆಯನ್ನೇ ತೆಗೆಯುತ್ತಾರೆ. ಆಮೇಲೆ ಅಕ್ಕ ಉಸಿರಾಡುತ್ತಾಳೆ, ಊಟ ಮಾಡುತ್ತಾಳೆ, ಮಾತಾಡುವುದಿಲ್ಲ. ಮೂವತ್ತೊಂದು ವರ್ಷ ಹೆರಿಗೆ ಆಸ್ಪತ್ರೆಯ ಹೊರಗಿನ ಹಾಲಿನಲ್ಲಿ ನಿಂತು ರೋಗಿಗಳ ಹೆಸರು ಕೂಗಿದವಳು ಅವಳು. ಮೈಕು ಕೊಡಿ ಎಂದು ಅರ್ಜಿ ಹಾಕಿದರೆ, ನಿನಗೆ ಮೈಕು ಯಾಕಮ್ಮ, ದೇವರೇ ಕೊಟ್ಟಿದ್ದಾನಲ್ಲ ಎಂದು ದೊಡ್ಡ ಡಾಕ್ಟರು ತಮಾಷೆ ಮಾಡಿದ್ದರು. ದಿನಕ್ಕೆ ಮುನ್ನೂರು ಹೆಸರು. ಅಕ್ಕ ಅಕ್ಷರ ಕಲಿತವಳಲ್ಲ. ಪಕ್ಕದಲ್ಲಿ ಗುಮಾಸ್ತ ಪಿಸುಗುಟ್ಟುತ್ತಿದ್ದ, ಅವಳು ಕೂಗುತ್ತಿದ್ದಳು. ತಾಯಿ ಸತ್ತಾಗ ಹದಿನಾಲ್ಕರ ಹುಡುಗಿ ಐದು ವರ್ಷದ ತಂಗಿಯನ್ನು ಸೊಂಟಕ್ಕೆ ಏರಿಸಿಕೊಂಡಳು. ಮೊದಲೇ ಶಾಲೆ ಕಾಣದವಳು, ಆಮೇಲೆ ಆ ಕಡೆ ತಿರುಗಿಯೂ ನೋಡಲಿಲ್ಲ. ಒಬ್ಬಳ ಗಂಟಲು, ಇನ್ನೊಬ್ಬಳ ಕುರ್ಚಿ ತಳ್ಳಿ ಸವೆದ ಮಂಡಿ, ಹೀಗೆ ಆ ಮನೆಯ ಹೆಣ್ಣುಮಕ್ಕಳು ಜಗತ್ತಿಗೆ ಕಂದಾಯ ಕಟ್ಟುತ್ತಾ ಬಂದಿದ್ದರು.

ಹದಿನೈದು ದಿನದ ಹಿಂದೆ ಅಕ್ಕ ಫೋನಿನಲ್ಲಿ ಅಂದಿದ್ದಳು: "ಒಂದು ಸಲ ಬಂದು ಹೋಗು. ನಿನಗೊಂದು ಮಾತು ಹೇಳೋದಿದೆ."

ಈಗಲೇ ಹೇಳು ಅಂದರೆ ಒಪ್ಪಲಿಲ್ಲ. ಎದುರಿಗೆ ಕೂತು ಹೇಳುವ ಮಾತು ಅದು, ಫೋನಿಗೆ ಹೇಳುವುದಲ್ಲ ಎಂದಳು. ಬರೆಸು ಅನ್ನುವ ಹಾಗಿಲ್ಲ. ಬರೆಯಬೇಕಾದವನು ಅಕ್ಕನ ಮಗ, ಅವನ ಕಿವಿಗೆ ಬೀಳಬಾರದ್ದೋ ಏನೋ. ಆರು ವರ್ಷದಿಂದ ಅಕ್ಕನ ಮುಖ ನೋಡಿರದ ತಂಗಿ ಈ ಹದಿನೈದು ದಿನವೂ ಬೆಳ್ಳನೆಯ ಹೋಟೆಲ್ ಹಾಸುಗಳನ್ನು ಮಡಚುತ್ತಾ ಮಡಚುತ್ತಾ ಆ ಮಾತು ಏನಿರಬಹುದು ಎಂದು ಯೋಚಿಸಿದಳು. ಬುಧವಾರ ಹನ್ನೊಂದೂ ಐದಕ್ಕೆ ಎರಡನೆಯ ವಿಮಾನ ಹತ್ತಿದರೆ ಸಂಜೆ ಏಳಕ್ಕೆ ಆಸ್ಪತ್ರೆಯಲ್ಲಿರುತ್ತಾಳೆ. ಇಡೀ ಇರುಳು ಅಕ್ಕನ ಮಂಚದ ಪಕ್ಕ ಕೂತಿರುತ್ತಾಳೆ. ಅದಕ್ಕಿಂತ ಹೆಚ್ಚು ಹೊತ್ತು ಏನು ಬೇಕು?

ವಿಮಾನ ಸರಿಯಾಗಿ ಹತ್ತು ಹತ್ತಕ್ಕೇ ಇಳಿದು ನಿಂತಿತು. ಹದಿನಾಲ್ಕನೇ ಗೇಟು. ಕಿಟಕಿಯಾಚೆ ಆ ಬೂದು ಗೋಡೆ ಕಂಡಾಗ ತವರು ಕಂಡಷ್ಟೇ ಖುಷಿಯಾಯಿತು. ಮುಂದಿನದು ಅರವತ್ತೆರಡನೇ ಗೇಟು, ಅದೂ ಅವಳಿಗೆ ಗೊತ್ತಿದ್ದದ್ದೇ.

ಆದರೆ ಅವಳ ಸೀಟು ನಲವತ್ತೊಂದನೇ ಸಾಲಿನಲ್ಲಿತ್ತು. ಮುಂದೆ ನಲವತ್ತು ಸಾಲುಗಳ ಜನ ಎದ್ದು ನಿಂತು, ತಲೆಯ ಮೇಲಿನ ಗೂಡುಗಳಿಂದ ಚೀಲಗಳನ್ನು ಎಳೆದು, ಕೋಟು ಹುಡುಕಿ, ಮಕ್ಕಳಿಗೆ ಬೂಟು ತೊಡಿಸಿ, ಇರುವೆ ಸಾಲಿನ ಹಾಗೆ ಜರುಗುತ್ತಿದ್ದರು. ಹದಿನಾಲ್ಕು ವರ್ಷ ಅವಳು ವಿಮಾನದ ಬಾಗಿಲ ಹೊರಗೆ ಖಾಲಿ ಕುರ್ಚಿ ಹಿಡಿದು ನಿಂತವಳು. ಅವಳ ಗಡಿಯಾರ ಶುರುವಾಗುತ್ತಿದ್ದದ್ದೇ ಆ ಬಾಗಿಲಿನಿಂದ. ಬಾಗಿಲಿನ ಒಳಗೂ ಒಂದು ದಾರಿ ಇದೆ ಎನ್ನುವುದು ಅವಳ ಲೆಕ್ಕಕ್ಕೆ ಬಂದದ್ದು ಇವತ್ತೇ. ಹೊರಗೆ ಕಾಲಿಟ್ಟಾಗ ಹತ್ತು ಇಪ್ಪತ್ತನಾಲ್ಕು.

ಇರಲಿ, ಇನ್ನೂ ಬೇಕಾದಷ್ಟಿದೆ ಅಂದುಕೊಂಡಳು. ಕಾಲುಗಳು ಅವಳನ್ನು ಕೇಳದೆ ಎಡಕ್ಕೆ ತಿರುಗಿದವು. ಶೌಚಾಲಯ ದಾಟಿ, ನೀರಿನ ನಲ್ಲಿಯ ಪಕ್ಕ, ಗೋಡೆಯದೇ ಬಣ್ಣದ ಬೂದು ಬಾಗಿಲು. ಅದರ ಹಿಂದೆ ಇಳಿಜಾರಿನ ಓಣಿ, ಸರಕಿನ ಲಿಫ್ಟು, ಮತ್ತೊಂದು ಓಣಿ, ಆಚೆ ಅರವತ್ತನೇ ಗೇಟು. ಹನ್ನೊಂದು ನಿಮಿಷ. ಅವಳ ಬಲಗೈ ತಾನಾಗಿ ಸೊಂಟಕ್ಕೆ ಹೋಯಿತು. ಅಲ್ಲಿ ದಾರಕ್ಕೆ ಕಟ್ಟಿದ, ಬಾಗಿಲು ತೆರೆಯುವ ಕಾರ್ಡು ಇರಲಿಲ್ಲ.

ಕಾರ್ಡನ್ನು ಅವಳು ಎರಡು ವರ್ಷದ ಹಿಂದೆ ಮೇಜಿನ ಮೇಲಿಟ್ಟು, ಸಹಿ ಹಾಕಿ, ಎದ್ದು ಬಂದಿದ್ದಳು. ಅದು ಮರೆತಿರಲಿಲ್ಲ. ಆ ದಿನ ಮೇಜಿನಾಚೆ ಕೂತವನ ಉಗುರು ಸಹ ನೆನಪಿತ್ತು. ಆದರೆ ಟಿಕೆಟ್ ಕೊಳ್ಳುವಾಗ, ಹಾಸು ಮಡಚುವಾಗ, ಒಂಬತ್ತು ಗಂಟೆ ಆಕಾಶದಲ್ಲಿ ಕೂತಿದ್ದಾಗ, ತಲೆಯೊಳಗೆ ಅವಳು ನೂರು ಸಲ ನಡೆದ ದಾರಿಯಲ್ಲಿ ಈ ಬಾಗಿಲು ಪ್ರತಿ ಸಲವೂ ತೆರೆದುಕೊಂಡಿತ್ತು. ಬೇರೆ ದಾರಿ ಅವಳ ನಕ್ಷೆಯಲ್ಲೇ ಇರಲಿಲ್ಲ. ಇಡೀ ನಿಲ್ದಾಣವನ್ನು ಅವಳು ಕೂಲಿಯವರ ಬಾಗಿಲಿನಿಂದ ಕಲಿತಿದ್ದಳು. ಒಂದು ವಿಮಾನ ಇಳಿದು ಇನ್ನೊಂದಕ್ಕೆ ಪ್ರಯಾಣಿಕಳಾಗಿ ಒಮ್ಮೆಯೂ ನಡೆದಿರಲಿಲ್ಲ.

ಬಾಗಿಲು ಒಳಗಿನಿಂದ ತೆರೆದುಕೊಂಡಿತು. ಖಾಲಿ ಕುರ್ಚಿ ತಳ್ಳಿಕೊಂಡು ಬಂದವನು ಬಾಚಣಿಗೆ. ತಲೆಯಲ್ಲಿ ಕೂದಲಿಗಿಂತ ಹೆಚ್ಚಾಗಿ ಬಾಚಣಿಗೆಯೇ ಓಡಾಡುತ್ತಿದ್ದುದರಿಂದ ಆ ಹೆಸರು. ಕೆಲಸಕ್ಕೆ ಸೇರಿದಾಗ ಕುರ್ಚಿಯನ್ನು ಇಳಿಜಾರಿನಲ್ಲಿ ಹಿಂದುಮುಂದಾಗಿ ಇಳಿಸಬೇಕೆಂದು ಅವನಿಗೆ ಕಲಿಸಿದವಳು ಇವಳೇ.

"ಎಕ್ಸ್‌ಪ್ರೆಸ್ಸಮ್ಮ," ಎಂದ ಅವನು. ಅವಳನ್ನು ಅಲ್ಲಿ ಎಲ್ಲರೂ ಕರೆಯುತ್ತಿದ್ದದ್ದು ಹಾಗೆ. "ಊರು ಬಿಟ್ಟವಳು ಮತ್ತೆ ಇಲ್ಲಿಗೇ ಬಂದ್ಯಾ?"

ಅವಳು ಅಕ್ಕನ ವಿಷಯ, ಅರವತ್ತೆರಡನೇ ಗೇಟು, ಐವತ್ತೈದು ನಿಮಿಷ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಅವನು ತಲೆ ಎತ್ತಿ ಬಾಗಿಲ ಮೇಲಿನ ಕ್ಯಾಮೆರಾ ನೋಡಿದ. ಅದು ಹೊಸದು, ಅವಳ ಕಾಲದಲ್ಲಿ ಇರಲಿಲ್ಲ. ಕಾರ್ಡು ಮನೆಯಲ್ಲಿ ಮರೆತು ಬಂದ ಕಸ ಗುಡಿಸುವವಳಿಗೆ ಬಾಗಿಲು ಹಿಡಿದದ್ದಕ್ಕೆ ಹೋದ ತಿಂಗಳು ಒಬ್ಬನನ್ನು ಮನೆಗೆ ಕಳಿಸಿದ್ದರಂತೆ. ಬಾಗಿಲು ಆಗಲ್ಲ ಎಂದ. ಆಮೇಲೆ ಕುರ್ಚಿಯ ಬೆನ್ನು ತಟ್ಟಿದ.

"ಕೂತ್ಕೋ."

"ಯಾಕೆ?"

"ಕೂತ್ರೆ ನೀನು ಪ್ರಯಾಣಿಕಳು, ನಾನು ತಳ್ಳೋನು. ಆಗ ಬಾಗಿಲು ಯಾಕೆ ತೆಗೆದೆ ಅಂತ ಯಾರೂ ಕೇಳೋಕ್ಕಾಗಲ್ಲ."

"ಚೀಟಿ?"

ಚೀಟಿ ಇರಲಿಲ್ಲ. ಕುರ್ಚಿ ಬೇಕಾದವರು ಎರಡು ದಿನ ಮೊದಲೇ ಹೇಳಿ ಚೀಟಿ ಮಾಡಿಸಬೇಕು. ಚೀಟಿ ಇಲ್ಲದ ಸವಾರಿ ತಳ್ಳಿದವನು ಸಂಜೆಗೆ ಉತ್ತರ ಕೊಡಬೇಕು. ಇದನ್ನೂ ಅವನಿಗೆ ಕಲಿಸಿದ್ದವಳು ಇವಳೇ.

"ಸಿಕ್ಕಿಹಾಕ್ಕೊಂಡ್ರೆ?" ಎಂದು ಕೇಳಿದಳು.

"ನೋಡ್ಕೊಳ್ಳೋಣ ಬಿಡು."

ಅವನು ಅವಳ ಕಣ್ಣು ನೋಡಿ ಹೇಳಲಿಲ್ಲ. ಅಲ್ಲಿ ಕೆಲಸ ಮಾಡಿದವರಿಗೆಲ್ಲ ಆ 'ನೋಡ್ಕೊಳ್ಳೋಣ'ದ ಅರ್ಥ ಗೊತ್ತು. ಅವಳು ಕುರ್ಚಿಯನ್ನು ನೋಡಿದಳು. ಕಾಲು ಗಟ್ಟಿಯಿದ್ದೂ ಸಾಲು ತಪ್ಪಿಸಲು ಕುರ್ಚಿ ಕೇಳುವವರನ್ನು ಅವಳು 'ನಾಟಕದವರು' ಎಂದು ಹೀಯಾಳಿಸುತ್ತಿದ್ದಳು. ಈಗ ಅವಳ ಬಲ ಮಂಡಿ ನಿಜಕ್ಕೂ ಹಾಳಾಗಿತ್ತು, ಕೂತರೆ ನಾಟಕವಾಗುತ್ತಿರಲಿಲ್ಲ. ಆದರೂ ಕೂರಲಿಲ್ಲ. ಅದರಲ್ಲಿ ಬಿಂಕ ಎಷ್ಟು, ಅವನ ಹೊಟ್ಟೆಪಾಡಿನ ಭಯ ಎಷ್ಟು ಎಂದು ಅಳೆಯಲು ಹೊತ್ತಿರಲಿಲ್ಲ. ನಿನ್ನ ಕೆಲಸ ನೋಡ್ಕೋ ಹೋಗು ಎಂದು ಅವನನ್ನು ಗದರಿ, ಬೋರ್ಡುಗಳು ತೋರಿಸುವ ಕಡೆ ಓಡಿದಳು.

ಆ ಓಟದಲ್ಲಿ ಅವಳಿಗೆ ನೆನಪಾದದ್ದು ಐದು ವರ್ಷದ ಹಿಂದಿನ ಒಂದು ಬೆಳಗು.

ಇಬ್ಬರು ಅಧಿಕಾರಿಗಳು ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು ಬಂದಿದ್ದರು. ಒಂದು ವಿಮಾನ ಇಳಿದವರು ಇನ್ನೊಂದನ್ನು ಹತ್ತಲು ಕಡಿಮೆಯೆಂದರೆ ಎಷ್ಟು ಹೊತ್ತು ಬೇಕು ಎಂದು ಅಳೆಯಬೇಕಿತ್ತು. ಅಲ್ಲಿಯವರೆಗೆ ತೊಂಬತ್ತು ನಿಮಿಷ ಎಂದಿತ್ತು. ಪಕ್ಕದ ದೇಶದ ನಿಲ್ದಾಣ ಅರವತ್ತು ಎಂದು ಜಾಹೀರಾತು ಹಾಕಿ ಪ್ರಯಾಣಿಕರನ್ನು ಸೆಳೆಯುತ್ತಿತ್ತಂತೆ. ಅಳೆಯಲು ಒಬ್ಬ ಮನುಷ್ಯ ಬೇಕು. ಕುರ್ಚಿ ತಳ್ಳುವವರ ಮೇಲ್ವಿಚಾರಕ ಕರೆದದ್ದು ಎಕ್ಸ್‌ಪ್ರೆಸ್ಸನ್ನು. ಆಗ ಅವಳಿಗೆ ಮೂವತ್ತೆಂಟು. ಕುರ್ಚಿ ಇಲ್ಲ, ಚೀಲ ಇಲ್ಲ, ಮಗು ಇಲ್ಲ, ಮಂಡಿ ಸರಿಯಿತ್ತು. ಜನವಿಲ್ಲದ ಹೊತ್ತು ಆರಿಸಿದ್ದರು. ತಪಾಸಣೆಯಲ್ಲಿ ಅವಳೊಬ್ಬಳಿಗೇ ಒಂದು ಸಾಲು ತೆರೆದಿದ್ದರು. ಬೂದು ಬಾಗಿಲು ಬಂದಾಗ ಮೇಲ್ವಿಚಾರಕನೇ, ಸುತ್ತು ಹಾಕಿ ಯಾಕೆ ಸಾಯೋದು ಎಂದು ತನ್ನ ಕಾರ್ಡು ತೋರಿಸಿ ತೆರೆದಿದ್ದ. ಅವಳು ಗೆಲ್ಲುವವಳಂತೆ ನಡೆದಿದ್ದಳು. ತಪಾಸಣೆಯೂ ಸೇರಿ, ಒಂದು ತುದಿಯಿಂದ ಇನ್ನೊಂದು ತುದಿಗೆ ಇಪ್ಪತ್ತೆಂಟು ನಿಮಿಷ. ಅಧಿಕಾರಿಗಳು ಅದಕ್ಕೆ ಧರ್ಮಕ್ಕೆಂಬಂತೆ ಇಪ್ಪತ್ತೆರಡು ಸೇರಿಸಿ ಐವತ್ತು ಎಂದು ಬರೆದುಕೊಂಡರು. ಒಂದು ಹೂಗುಚ್ಛ ಕೊಟ್ಟು ಫೋಟೋ ತೆಗೆದರು. ಅದನ್ನು ಅವಳು ಅಕ್ಕನಿಗೆ ಕಳಿಸಿದ್ದಳು.

ಆ ಐವತ್ತು ಆಮೇಲೆ ಏನೇನು ಮಾಡಿತು! ಪೋಸ್ಟರಾಗಿ ಗೋಡೆ ಏರಿತು. ಟಿಕೆಟ್ಟುಗಳಾಗಿ ಮಾರಾಟವಾಯಿತು. ಬಸುರಿಯರನ್ನು ಓಡಿಸಿತು, ಮುದುಕರ ಕಣ್ಣಲ್ಲಿ ನೀರು ತರಿಸಿತು. ಕೊನೆಗೆ ಕುರ್ಚಿ ತಳ್ಳುವವರ ಬೆನ್ನಿಗೆ ಚಾಟಿಯಾಗಿ ಬಂತು. ಒಂದು ಸವಾರಿಗೆ ಇಂತಿಷ್ಟೇ ನಿಮಿಷ, ಮೀರಿದರೆ ಹೆಸರಿನ ಮುಂದೆ ಕೆಂಪು ಗುರುತು, ಮೂರು ಗುರುತಾದರೆ ಮನೆಗೆ. ಮೊದಲು ವಯಸ್ಸಾದವರು ಹೋದರು. ಹೋಗುವಾಗ ಒಬ್ಬ, ನಿನ್ನ ಕಾಲು ಚೆನ್ನಾಗಿರಲಿ ತಾಯಿ ಎಂದು ಇವಳಿಗೆ ಕೈ ಮುಗಿದಿದ್ದ. ಅದು ಹಾರೈಕೆಯಲ್ಲ ಎಂದು ತಿಳಿಯದಷ್ಟು ದಡ್ಡಿ ಅವಳಲ್ಲ. ಮೂರು ವರ್ಷಕ್ಕೆ ಮಂಡಿ ಊದಿ, ಅವಳದೇ ನಿಮಿಷಗಳು ಅವಳಿಗೇ ಎಟುಕದೆ, ಮೂರು ಕೆಂಪು ಗುರುತು ಬಿದ್ದವು. ಗಡಿಯಾರಕ್ಕೆ ಮಂಡಿ ಇರುವುದಿಲ್ಲ. ಗಡಿಯಾರ ಹಿಡಿದವರ ಮಂಡಿ ಮೇಜಿನ ಕೆಳಗಿರುತ್ತದೆ.

ತಪಾಸಣೆಯ ಸಾಲು ಹಗ್ಗದ ನಡುವೆ ಹಾವಿನಂತೆ ಆರು ಸುತ್ತು ಸುತ್ತಿತ್ತು. ಎಂಟು ಯಂತ್ರಗಳಲ್ಲಿ ಎರಡು ನಡೆಯುತ್ತಿದ್ದವು. ಮುಂದಿನವರನ್ನು ಒಬ್ಬೊಬ್ಬರಾಗಿ ಬೇಡಿಕೊಂಡಳು. ಅಕ್ಕನ ಆಪರೇಷನ್ನಿದೆ, ದಯವಿಟ್ಟು. ಕೆಲವರು ಜಾಗ ಬಿಟ್ಟರು. ಒಬ್ಬ ಮಾತ್ರ, ತಪ್ಪಿ ಹೋಗ್ತಿರೋದು ನಿಮ್ಮೊಬ್ಬರದೇ ಅಲ್ಲ, ಇಲ್ಲಿರೋರೆಲ್ಲ ಐವತ್ತು ನಿಮಿಷದವರೇ ಎಂದ. ಅವಳು ಅವನ ಹಿಂದೆಯೇ ನಿಂತಳು. ಬೂಟು ಬಿಚ್ಚು, ಬೆಲ್ಟು ಬಿಚ್ಚು, ಮಂಡಿಯ ಪಟ್ಟಿ ಬಿಚ್ಚು. ಪಟ್ಟಿಯನ್ನು ಮತ್ತೆ ಕಟ್ಟಿಕೊಳ್ಳುವಷ್ಟು ಹೊತ್ತಿಲ್ಲದೆ ಕೈಯಲ್ಲೇ ಹಿಡಿದು ಓಡಿದಳು. ಹತ್ತು ನಲವತ್ತೇಳು.

ಮುಂದೆ ಅಂಗಡಿಗಳು. ಪ್ರಯಾಣಿಕರ ದಾರಿಯನ್ನು ನೇರ ಹಾಕಿದರೆ ಅತ್ತರು ಮಾರುವುದು ಹೇಗೆ? ಬೆಳಕಿನ ಬೀರುಗಳ ನಡುವೆ ದಾರಿ ಬೇಕೆಂದೇ ಬಳುಕಿ, ಕಡಗೋಲು ತಿರುಗಿದ ಹಾಗೆ ತಿರುಗಿ, ಹಿಂದೆ ಬಂದು ಮತ್ತೆ ಮುಂದೆ ಹೋಗುತ್ತಿತ್ತು. ಬಣ್ಣ ಬಳಿದುಕೊಂಡ ಹುಡುಗಿಯೊಬ್ಬಳು ನಗುತ್ತಾ ಇವಳ ಮಣಿಕಟ್ಟಿಗೆ ಸುಗಂಧ ಸಿಂಪಡಿಸಿದಳು. ಆಮೇಲೆ ಒಳಗಿನ ರೈಲು, ಅದು ಬರಲು ನಾಲ್ಕು ನಿಮಿಷ. ಆಮೇಲೆ ಚಲಿಸುವ ನೆಲ ಕೆಟ್ಟು ನಿಂತು, ಅದರ ಮೇಲೂ ನಡೆದೇ ಹೋಗಬೇಕಾಗಿತ್ತು. ಬಲಗಾಲು ಊರಿದಾಗಲೆಲ್ಲ ಮಂಡಿಯಿಂದ ಸೊಂಟದವರೆಗೆ ಮೊಳೆ ಹೊಡೆದಂತಾಗುತ್ತಿತ್ತು.

ಅರವತ್ತೆರಡನೇ ಗೇಟಿನಲ್ಲಿ ಹನ್ನೊಂದೂ ಒಂದು. ಬಾಗಿಲು ಹತ್ತು ಐವತ್ತಕ್ಕೇ ಮುಚ್ಚಿತ್ತು. ಗಾಜಿನಾಚೆ ವಿಮಾನ ಇನ್ನೂ ನಿಂತಿತ್ತು. ಅದರ ಕಿಟಕಿಯೊಂದರಲ್ಲಿ ಯಾರೋ ಪರದೆ ಇಳಿಸಿದ್ದೂ ಕಂಡಿತು. ಕೈಗೆ ಬಂದ ತುತ್ತು ಎನ್ನುವುದನ್ನು ಅವಳು ಕೇಳಿದ್ದಳು, ಅದು ಗಾಜಿನಾಚೆ ಇಷ್ಟು ಹತ್ತಿರದಲ್ಲಿ ಇರುತ್ತದೆ ಎಂದು ಗೊತ್ತಿರಲಿಲ್ಲ. ಗೇಟಿನ ಹುಡುಗಿ ಬಾಗಿಲು ಮುಚ್ಚಿದ ಮೇಲೆ ತೆರೆಯುವ ಅಧಿಕಾರ ತನಗಿಲ್ಲ ಎಂದು ಮೂರು ಸಲ ಹೇಳಿದಳು, ಮೂರನೆಯ ಸಲ ಅವಳ ಕಣ್ಣಲ್ಲೂ ನೀರಾಡಿತು. ವಿಮಾನ ಹಿಂದಕ್ಕೆ ಜರುಗಿತು.

ಬದಲಿ ಟಿಕೆಟ್ಟಿನ ಕೌಂಟರಿನಲ್ಲಿದ್ದ ಗುಮಾಸ್ತ ನಾಳೆ ಹನ್ನೊಂದೂ ಐದಕ್ಕೆ ಸೀಟು ಕೊಟ್ಟ. ತಂಗಲು ಕೋಣೆ ಕೊಡಲಾಗುವುದಿಲ್ಲ, ವಿಮಾನ ಸರಿಯಾದ ಹೊತ್ತಿಗೇ ಇಳಿದಿದೆ, ತಡ ನಿಮ್ಮದು ಎಂದ. ಪರದೆ ನೋಡಿಕೊಂಡೇ ಸೇರಿಸಿದ: "ಐವತ್ತು ನಿಮಿಷ ಸಾಕು ಅಂತ ಅಳತೆ ಮಾಡಿಟ್ಟಿದ್ದಾರೆ. ನಿಮಗೆ ಐವತ್ತೈದು ಸಿಕ್ಕಿತ್ತು."

"ಆ ಅಳತೆ ನನ್ನದು," ಎಂದಳು ಅವಳು.

"ಏನಂದ್ರಿ?"

ಅವಳು ಹೇಳಿದಳು. ಸ್ಟಾಪ್‌ವಾಚು, ಖಾಲಿ ಸಾಲು, ಬೂದು ಬಾಗಿಲು, ಎಲ್ಲವನ್ನೂ. ದನಿ ಏರಿತು. ಹಿಂದಿದ್ದ ಸಾಲು ಕಿವಿ ನಿಮಿರಿಸಿತು. ಆ ಸಂಖ್ಯೆ ಸುಳ್ಳು, ಅದನ್ನು ಗೋಡೆಯಿಂದ ಕಿತ್ತುಹಾಕಿ, ಬೇಕಾದರೆ ಈಗ ಬನ್ನಿ, ಈ ಮಂಡಿ ಕಟ್ಟಿಕೊಂಡು ಮತ್ತೆ ನಡೆದು ತೋರಿಸುತ್ತೇನೆ, ನಿಮ್ಮ ಸಾಹೇಬರನ್ನೂ ನಲವತ್ತೊಂದನೇ ಸಾಲಿನಲ್ಲಿ ಕೂರಿಸಿ, ಆಗ ಬರೆದುಕೊಳ್ಳಿ ಎಂದಳು. ಗುಮಾಸ್ತ ಪೂರ್ತಿ ಕೇಳಿದ. ಕೆಟ್ಟವನಲ್ಲ. ಕೇಳಿ, ನಿಜವಾಗಿಯೂ ಅರ್ಥವಾಗದವನಂತೆ ಕೇಳಿದ:

"ಹಾಗಾದ್ರೆ ನಿಮಗೆ ಮೊದಲೇ ಗೊತ್ತಿತ್ತಲ್ಲಮ್ಮ?"

ಅವಳು ದೂರು ಬರೆಯುವ ಹಾಳೆ ಕೇಳಿದಳು. ಅವನು ಕೊಟ್ಟ. ಅಳತೆ ಮಾಡಿದ ದಿನ, ಅಳೆದವರ ಹುದ್ದೆ, ಯಾವ ಬಾಗಿಲು ಯಾರು ತೆರೆದರು ಎಂದು ಎರಡೂ ಬದಿ ತುಂಬುವಂತೆ ಬರೆದು ಸಹಿ ಹಾಕಿದಳು. ಬಾಚಣಿಗೆಯ ಸುದ್ದಿ ಬರೆಯಲಿಲ್ಲ. ಹಾಳೆ ಕೌಂಟರಿನ ಒಂದು ಬುಟ್ಟಿ ಸೇರಿತು. ಅದರಲ್ಲಿ ಆಗಲೇ ಬೇಕಾದಷ್ಟು ಹಾಳೆಗಳಿದ್ದವು.

ಖಾಲಿ ಗೇಟಿನ ಕುರ್ಚಿಯೊಂದರಲ್ಲಿ ಕೂತು ಫೋನು ಮಾಡಿದಾಗ ಮಧ್ಯಾಹ್ನ. ಅಕ್ಕಪಕ್ಕದ ಗೇಟುಗಳಲ್ಲಿ ಸಾವಿರ ಜನ, ಒಬ್ಬೊಬ್ಬರಿಗೂ ಹೋಗಲು ಒಂದೊಂದು ಬಾಗಿಲು. ಅಕ್ಕನ ಮಗ ಫೋನೆತ್ತಿದ. ಚಿಕ್ಕಮ್ಮ ಹತ್ತಿದ್ರಾ ಎಂದು ಕೇಳಿದ. ಅವಳು ವಿಷಯ ಹೇಳಿದಳು. ಡಾಕ್ಟರು ಅಮ್ಮನಿಗೆ ಮಾತಾಡಬೇಡಿ ಎಂದಿದ್ದಾರೆ, ಆದರೂ ಕೊಡುತ್ತೇನೆ, ನಾನು ಹೊರಗೆ ಹೋಗುತ್ತೇನೆ ಎಂದ.

ಮೊದಲು ಬರೀ ಉಸಿರು ಕೇಳಿಸಿತು. ಆಮೇಲೆ ಮರಳಿನ ಮೇಲೆ ಡಬ್ಬ ಎಳೆದಂಥ ದನಿ. ಮುನ್ನೂರು ಹೆಸರು ಕೂಗುತ್ತಿದ್ದ ದನಿಯಲ್ಲಿ ಉಳಿದದ್ದು ಅಷ್ಟು.

"ತಪ್ಪಿಸ್ಕೊಂಡ್ಯಾ?"

"ಹೂಂ ಅಕ್ಕ."

"ಏನಾದ್ರೂ ತಿಂದ್ಯಾ?"

"ಅಕ್ಕ, ಅದೇನೋ ಹೇಳ್ಬೇಕು ಅಂದಿದ್ದೆಯಲ್ಲ. ಈಗ ಹೇಳು. ನಾಳೆ ನಾನು ಬರೋ ಹೊತ್ತಿಗೆ..."

ಅಕ್ಕ ಉಗುಳು ನುಂಗಿದ್ದು ಕೇಳಿಸಿತು. "ಹೇಳೋಕ್ಕೆ ಏನೂ ಇರ್ಲಿಲ್ಲ ಕಣೇ. ಬಾ ಅಂದ್ರೆ ರಜೆ ಇಲ್ಲ ಅಂತಿದ್ದೆ ಆರು ವರ್ಷದಿಂದ. ಮಾತಿದೆ ಅಂದ್ರೆ ಬರ್ತೀಯೇನೋ ಅಂತ ಅಂದೆ."

ಅವಳು ಮಂಡಿಯ ಪಟ್ಟಿಯನ್ನು ಕೈಯಲ್ಲಿ ಹಿಂಡಿಕೊಂಡು ಕೂತಳು. ಅದು ನಿಜವೋ, ತಂಗಿಯ ಎದೆಯ ಮೇಲಿನ ಕಲ್ಲು ಇಳಿಸಲು ಅಕ್ಕ ಈ ಕ್ಷಣ ಕಟ್ಟಿದ ಸುಳ್ಳೋ, ಎದುರಿಗೆ ಕೂತು ಮುಖ ನೋಡಿದ್ದರೆ ತಿಳಿಯುತ್ತಿತ್ತು. ಚಿಕ್ಕಂದಿನಿಂದ ಅಕ್ಕ ಸುಳ್ಳು ಹೇಳುವಾಗ ಎಡಗಣ್ಣು ಸ್ವಲ್ಪ ಕಿರಿದಾಗುತ್ತಿತ್ತು.

"ಆಯ್ತು," ಎಂದಳು. "ಹಾಗಾದ್ರೆ ಸುಮ್ನೆ ಏನಾದ್ರೂ ಮಾತಾಡ್ತಾ ಇರು."

"ಏನ್ ಮಾತಾಡ್ಲಿ?"

"ಬೈಯಿ."

ಅಕ್ಕ ನಕ್ಕಳೋ ಕೆಮ್ಮಿದಳೋ, ಆಮೇಲೆ ಬೈಯಲು ಶುರುಮಾಡಿದಳು. ನೀನು ಹುಟ್ಟಾ ಆತುರಗೇಡಿ. ಎಂಟು ತಿಂಗಳಿಗೇ ಹುಟ್ಟಿದವಳು, ಇನ್ನೊಂದು ತಿಂಗಳು ಅಮ್ಮನ ಹೊಟ್ಟೆಯಲ್ಲಿ ಕೂತಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು. ಹಾಲು ಕಾಯುವ ಮೊದಲೇ ಲೋಟ ಹಿಡಿಯುವವಳು. ಜಡೆ ಹಾಕಿ ಮುಗಿಯುವ ಮೊದಲೇ ಎದ್ದು ಓಡಿ, ನನ್ನ ಕೈಯಲ್ಲಿ ಅರ್ಧ ಜಡೆ ಬಿಟ್ಟು ಹೋಗುವವಳು. ದನಿ ಅಲ್ಲಲ್ಲಿ ಕಡಿದು ಬರೀ ಗಾಳಿಯಾಗುತ್ತಿತ್ತು, ಮತ್ತೆ ಹತ್ತಿಕೊಳ್ಳುತ್ತಿತ್ತು. ತಂಗಿ ಹೂಂ ಹೂಂ ಎನ್ನುತ್ತಿದ್ದಳು. ಅಷ್ಟರಲ್ಲಿ ತಲೆಯ ಮೇಲಿನ ಸ್ಪೀಕರ್ ಬಾಯಿ ಬಿಟ್ಟಿತು. ಎಂದೋ ಒಮ್ಮೆ ಮುದ್ರಿಸಿದ, ಎಂದೂ ಒಡೆಯದ ನುಣುಪು ದನಿಯೊಂದು ಪ್ರಯಾಣಿಕರು ತಮ್ಮ ಮುಂದಿನ ಗೇಟಿಗೆ ಬೇಗ ತೆರಳಬೇಕೆಂದು ಮೂರು ಭಾಷೆಗಳಲ್ಲಿ ಹೇಳತೊಡಗಿತು. ಅವಳು ಇನ್ನೊಂದು ಕಿವಿಯನ್ನು ಅಂಗೈಯಿಂದ ಒತ್ತಿ, ಮೊಣಕಾಲುಗಳ ನಡುವೆ ತಲೆ ತಗ್ಗಿಸಿ, ಫೋನನ್ನು ಕೆನ್ನೆಗೆ ಅಮುಕಿದಳು. ಮೂರು ಭಾಷೆ ಮುಗಿಯುವವರೆಗೆ ಅಕ್ಕ ಏನು ಬೈದಳೋ ಕೇಳಿಸಲಿಲ್ಲ.

ಸದ್ದು ನಿಂತಾಗ ಅತ್ತ ಬೇರೆ ಯಾರದೋ ಮಾತು ಕೇಳುತ್ತಿತ್ತು. ನರ್ಸ್ ಇರಬೇಕು, ಸಾಕಮ್ಮ, ಗಂಟಲಿಗೆ ಒಳ್ಳೆಯದಲ್ಲ, ಫೋನು ಕೊಡಿ ಎನ್ನುತ್ತಿದ್ದಳು.

"ಇರಮ್ಮ," ಎಂದಳು ಅಕ್ಕ ಅವಳಿಗೆ, "ಇನ್ನೂ ಮುಗಿದಿಲ್ಲ."

ಫೋನು ಕಡಿಯಿತು.